ಇಫ್ ನಾಟ್ ಎಕ್ಸಿಸ್ಟ್ಸ್ ಹಾಕಿದ್ರೂ ಅಂಗಡಿ ಕಂಪ್ಯೂಟರಲ್ಲಿ ಹೊಸ ಕಾಲಮ್ ಬರ್ತಿಲ್ಲ, ಯಾಕೆ?

ತಿಪಟೂರ್ ಕೊಬ್ರಿ
ಎಲ್ರಿಗೂ ನಮಸ್ಕಾರ. ನಮ್ಮ ಸೋದರಮಾವಂದು ಹಾರ್ಡ್‌ವೇರ್ ಅಂಗಡಿ, ಪೈಪು ಪೇಂಟು ಮೊಳೆ ಸಿಮೆಂಟು ಎಲ್ಲ ಇದೆ. ಅವರಿಗೆ ಅಂತ ಹೋದ ವರ್ಷ ಪೈಥಾನಲ್ಲಿ ಒಂದು ಬಿಲ್ಲಿಂಗ್ ಪ್ರೋಗ್ರಾಮ್ ಬರ್ದು ಕೊಟ್ಟಿದ್ದೆ, ಡೇಟಾಬೇಸ್ ಎಸ್‌ಕ್ಯೂಲೈಟ್, ಅಂದ್ರೆ ಎಲ್ಲ ಲೆಕ್ಕ ಒಂದೇ ಫೈಲಲ್ಲಿ. ಪ್ರೋಗ್ರಾಮ್ ಶುರು ಆದ ತಕ್ಷಣ ಮೊದಲು ಓಡೋದೇ ಕ್ರಿಯೇಟ್ ಟೇಬಲ್ ಇಫ್ ನಾಟ್ ಎಕ್ಸಿಸ್ಟ್ಸ್ ಬಿಲ್ಸ್, ಆಮೇಲೆ ಐಟಮ್ಸ್, ಆಮೇಲೆ ಕಸ್ಟಮರ್ಸ್. ಟೇಬಲ್ ಇದ್ರೆ ತೆಪ್ಪಗಿರತ್ತೆ, ಇಲ್ದಿದ್ರೆ ಮಾಡ್ಕೊಳತ್ತೆ, ಒಂದು ವರ್ಷ ಏನೂ ತೊಂದ್ರೆನೇ ಇರ್ಲಿಲ್ಲ.

ಈಗ ಕಾಂಟ್ರಾಕ್ಟರ್‌ಗಳು ಬಿಲ್ ಮೇಲೆ ಅವ್ರ ಜಿಎಸ್‌ಟಿ ನಂಬರ್ ಬೇಕು ಅಂತ ಕೇಳ್ತಿದಾರೆ, ಅದೇ 15 ಅಕ್ಷರದ್ದು. ಸರಿ ಅಂತ ಬಿಲ್ಸ್ ಟೇಬಲ್ಲಿನ ಕ್ರಿಯೇಟ್ ಸ್ಟೇಟ್‌ಮೆಂಟಿಗೆ ಜಿಎಸ್‌ಟಿಐಎನ್ ಅಂತ ಒಂದು ಕಾಲಮ್ ಸೇರಿಸ್ದೆ. ನನ್ನ ಲ್ಯಾಪ್‌ಟಾಪಲ್ಲಿ ನೀಟಾಗಿ ಓಡ್ತು. ಪೆನ್‌ಡ್ರೈವಲ್ಲಿ ತಗೊಂಡೋಗಿ ಅಂಗಡಿ ಕಂಪ್ಯೂಟರಿಗೆ ಹಾಕಿದ್ರೆ ಮೊದಲ್ನೇ ಬಿಲ್ಲಿಗೇ "ಟೇಬಲ್ ಬಿಲ್ಸ್ ಹ್ಯಾಸ್ ನೋ ಕಾಲಮ್ ನೇಮ್ಡ್ ಜಿಎಸ್‌ಟಿಐಎನ್" ಅಂತ ಕೆಂಪಕ್ಷರ. ಕೌಂಟರ್ ಮುಂದೆ ಗಿರಾಕಿ ನಿಂತಿದಾನೆ, ಮಾವ ನನ್ನನ್ನೇ ನೋಡ್ತಿದಾರೆ. ಕೊನೆಗೆ ಹಳೇ ಪ್ರೋಗ್ರಾಮ್ ವಾಪಸ್ ಹಾಕಿ, ಜಿಎಸ್‌ಟಿ ನಂಬರ್ ಪೆನ್ನಲ್ಲಿ ಬರ್ಕೊಟ್ಟು ಕಳಿಸಿದ್ವಿ. ಕೋಡ್ ಒಂದೇ, ಪೈಥಾನ್ ಒಂದೇ, ಅಲ್ಲಿ ಮಾತ್ರ ಯಾಕೆ ಹಿಂಗೆ?

ನೈಟ್‌ಶಿಫ್ಟ್
ನಿಮ್ಮ ಲ್ಯಾಪ್‌ಟಾಪಲ್ಲಿ ಟೆಸ್ಟ್ ಮಾಡೋವಾಗ ಹಳೇ ಡಿಬಿ ಫೈಲ್ ಡಿಲೀಟ್ ಮಾಡಿದ್ರಾ?

ತಿಪಟೂರ್ ಕೊಬ್ರಿ
ಹೂಂ, ಪ್ರತಿ ಸಲ ಡಿಲೀಟ್ ಮಾಡಿ ಹೊಸದಾಗಿ ಓಡಿಸ್ತೀನಿ, ಕ್ಲೀನಾಗಿರಲಿ ಅಂತ.

ನೈಟ್‌ಶಿಫ್ಟ್
ಅಲ್ಲೇ ಇದೆ ನೋಡಿ. ಇಫ್ ನಾಟ್ ಎಕ್ಸಿಸ್ಟ್ಸ್ ನೋಡೋದು ಹೆಸರು ಮಾತ್ರ. ಬಿಲ್ಸ್ ಅನ್ನೋ ಹೆಸರಲ್ಲಿ ಏನೋ ಒಂದು ಇದೆಯಾ? ಇದೆ. ಮುಗೀತು, ಮುಂದಕ್ಕೆ ಹೋಗತ್ತೆ. ಒಳಗೆ ಎಷ್ಟು ಕಾಲಮ್ ಇದೆ, ಯಾವ ಟೈಪ್ ಇದೆ, ನೀವು ಬರ್ದಿರೋದಕ್ಕೂ ಅಲ್ಲಿರೋದಕ್ಕೂ ತಾಳೆ ಆಗತ್ತಾ, ಅದ್ಯಾವುದನ್ನೂ ತೆಗ್ದು ನೋಡಲ್ಲ. ಲ್ಯಾಪ್‌ಟಾಪಲ್ಲಿ ಟೇಬಲ್ಲೇ ಇರ್ಲಿಲ್ಲ ಅದಕ್ಕೆ ಹೊಸ ಆಕಾರದಲ್ಲಿ ಹುಟ್ತು, ಅಂಗಡಿಯಲ್ಲಿ ಒಂದು ವರ್ಷದ ಹಳೇ ಟೇಬಲ್ ಕೂತಿತ್ತು ಅದು ಹಂಗೇ ಉಳೀತು.

ಹಳೇ ಡಿಬಿಎ
ನೈಟ್‌ಶಿಫ್ಟ್ ಹೇಳಿದ್ದು ಸರಿ. ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್ ಅವರ ಡಾಕ್ಯುಮೆಂಟೇಷನ್ನಲ್ಲೇ ಇದನ್ನ ನೇರವಾಗಿ ಬರ್ದಿದಾರೆ, ಈಗಾಗ್ಲೇ ಇರೋ ಟೇಬಲ್ಲು ನೀನು ಮಾಡ್ಬೇಕು ಅಂದ್ಕೊಂಡಿರೋ ಟೇಬಲ್ ಥರಾನೇ ಇರತ್ತೆ ಅಂತ ಯಾವ ಗ್ಯಾರಂಟಿನೂ ಇಲ್ಲ ಅಂತ. ಜನ ಓದಲ್ಲ ಅಷ್ಟೆ.

ಈ ಸೌಕರ್ಯ ಎಲ್ಲಾ ಡೇಟಾಬೇಸಲ್ಲೂ ಮೊದಲಿಂದ ಇದ್ದಿದ್ದೂ ಅಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಬಹಳ ಹಿಂದಿಂದ ಇತ್ತು, ಎಸ್‌ಕ್ಯೂಲೈಟಿಗೆ 2006ರಲ್ಲಿ 3.3.0 ವರ್ಷನ್ನಲ್ಲಿ ಬಂತು, ಪೋಸ್ಟ್‌ಗ್ರೆಸ್ಸಿಗೆ 2011ರಲ್ಲಿ 9.1ರಲ್ಲಿ. ಅಲ್ಲಿ ಇಂಡೆಕ್ಸಿಗೆ (ಬೇಗ ಹುಡುಕೋಕೆ ಮಾಡೋ ಪಟ್ಟಿ) ಇದೇ ಮಾತು ಹಾಕೋಕೆ 9.5 ತನಕ ಕಾಯ್ಬೇಕಾಯ್ತು, ಆಡ್ ಕಾಲಮ್ ಇಫ್ ನಾಟ್ ಎಕ್ಸಿಸ್ಟ್ಸ್ ಬಂದಿದ್ದು 9.6ರಲ್ಲಿ. ಆರಾಕಲ್‌ನಲ್ಲಂತೂ ನಾವು ಅರ್ಧ ಆಯಸ್ಸು ಕ್ರಿಯೇಟ್ ಮಾಡು, ಓಆರ್‌ಎ 00955 (ಆ ಹೆಸರು ಈಗಾಗ್ಲೇ ಇದೆ ಅನ್ನೋ) ಎರರ್ ಬಂದ್ರೆ ನುಂಗ್ಕೋ, ಬೇರೆ ಏನು ಬಂದ್ರೂ ಕೂಗು ಅಂತ ಬ್ಲಾಕ್ ಬರೆಯೋದ್ರಲ್ಲೇ ಕಳೆದ್ವಿ, 23ನೇ ವರ್ಷನ್ನಲ್ಲಿ ಈಗ ಬಂದಿದೆ ಇಫ್ ನಾಟ್ ಎಕ್ಸಿಸ್ಟ್ಸ್. ಆ ಬ್ಲಾಕಲ್ಲಿ "ಬೇರೆ ಏನು ಬಂದ್ರೂ ಕೂಗು" ಅನ್ನೋ ಅರ್ಧ ಬರೆಯೋದು ಮರ್ತು, ಟೇಬಲ್‌ಸ್ಪೇಸ್, ಅಂದ್ರೆ ಡೇಟಾ ಇಡೋ ಜಾಗ, ತುಂಬಿದ್ದ ಎರರನ್ನೂ ನುಂಗ್ಕೊಂಡು ಕೂತಿದ್ದ ಸ್ಕ್ರಿಪ್ಟ್ ನೋಡಿದೀನಿ ನಾನು. ಬರ್ದಿದ್ದು ಯಾರು ಅಂತ ಕೇಳ್ಬೇಡಿ.

ಧಾರವಾಡ ಫೇಡೆ
ಅಲ್ರೀ ಡಿಬಿಎ ಸಾಹೇಬ್ರ, ನೀವಾ ಬರ್ದಿರ್ತೀರಿ ಬಿಡ್ರಿ 😄

ಎಸ್‌ಕ್ಯೂಎಲ್ ಸರ್ವರ್ ಒಳಗ ಇನ್ನೂ ಕ್ರಿಯೇಟ್ ಟೇಬಲ್ಲಿಗೆ ಆ ಮಾತು ಇಲ್ಲ ನೋಡ್ರಿ. 2016ರಾಗ ಡ್ರಾಪ್ ಟೇಬಲ್ ಇಫ್ ಎಕ್ಸಿಸ್ಟ್ಸ್ ಕೊಟ್ರು, ಕೆಡವಾಕ ಕೊಟ್ರು, ಕಟ್ಟಾಕ ಕೊಡ್ಲಿಲ್ಲ. ನಾವು ಇವತ್ತಿಗೂ ಇಫ್ ಆಬ್ಜೆಕ್ಟ್ ಐಡಿ ಈಸ್ ನಲ್, ಅಂದ್ರ ಆ ಹೆಸರಿಂದು ಏನೂ ಇಲ್ಲೇನು ಅಂತ ಕೇಳಿ, ಆಮ್ಯಾಲೆ ಬಿಗಿನ್ ಎಂಡ್ ನಡುವ ಕ್ರಿಯೇಟ್ ಬರಿತೀವಿ. ಅದಕ್ಕ ಎರಡನೇ ಪ್ಯಾರಾಮೀಟರ್ ಯು (ಅಂದ್ರ ಟೇಬಲ್) ಅಂತ ಕೊಡೂದ ಮರೀಬ್ಯಾಡ್ರಿ, ಇಲ್ಲಂದ್ರ ಅದ ಹೆಸರಿನ ವ್ಯೂ (ಉಳಿಸಿಟ್ಟ ಕ್ವೆರಿ) ಇದ್ರೂ ಐತಿ ಅಂತದ.

ಸೆಮಿಕೋಲನ್
ಇಷ್ಟೆಲ್ಲ ತಲೆಬಿಸಿ ಯಾಕೆ ಗುರು. ಮೊದಲು ಡ್ರಾಪ್ ಟೇಬಲ್ ಇಫ್ ಎಕ್ಸಿಸ್ಟ್ಸ್, ಆಮೇಲೆ ಕ್ರಿಯೇಟ್ ಟೇಬಲ್. ಯಾವಾಗ್ಲೂ ಹೊಸ ಆಕಾರ ಗ್ಯಾರಂಟಿ.

ನೈಟ್‌ಶಿಫ್ಟ್
ಗುರು ಅದು ಅಂಗಡಿ ಬಿಲ್!! ಬೆಳಿಗ್ಗೆ ಪ್ರೋಗ್ರಾಮ್ ಆನ್ ಮಾಡಿದಾಗೆಲ್ಲ ಒಂದು ವರ್ಷದ ಲೆಕ್ಕ ತೊಳ್ಕೊಂಡು ಹೋಗತ್ತೆ

ಸೆಮಿಕೋಲನ್
ಓ ಹೌದಲ್ಲ. ನಾನು ಟೆಸ್ಟ್ ಡೇಟಾಬೇಸ್ ಅಂದ್ಕೊಂಡೆ, ಸಾರಿ.

ಕುಡ್ಲದ ಬಂಗುಡೆ
ನಗಬೇಡಿ ಮಾರಾಯ್ರೆ, ಇದು ತಮಾಷೆ ಅಲ್ಲ. ಮೈಎಸ್‌ಕ್ಯೂಎಲ್‌ಡಂಪ್, ಅಂದ್ರೆ ಬ್ಯಾಕಪ್ ಫೈಲ್, ತೆಗೆದ್ರೆ ಆ ಫೈಲಿನಲ್ಲಿ ಪ್ರತಿ ಟೇಬಲ್ಲಿನ ಮೊದಲು ಡ್ರಾಪ್ ಟೇಬಲ್ ಇಫ್ ಎಕ್ಸಿಸ್ಟ್ಸ್ ಅಂತ ಅದೇ ಬರೆದು ಇಡ್ತದೆ, ನೀವು ಬೇಡ ಅಂತ ಹೇಳದಿದ್ರೆ. ನಮ್ಮ ಹಳೆಯ ಆಫೀಸಿನಲ್ಲಿ ಒಬ್ಬ ಹುಡುಗ, ಒಳ್ಳೆ ಹುಡುಗನೇ, ಟೆಸ್ಟ್ ಸರ್ವರಿಗೆ ಹಾಕ್ಬೇಕಾದ ಡಂಪನ್ನು ಎರಡು ವಿಂಡೋ ತೆರೆದು ಇಟ್ಕೊಂಡು ಲೈವಿಗೆ ಹಾಕಿದ. ಮೂರು ದಿನ ಹಳೆಯ ಡಂಪ್ ಅದು. ಎರರ್ ಒಂದೂ ಇಲ್ಲ, ಇಫ್ ಎಕ್ಸಿಸ್ಟ್ಸ್ ಉಂಟಲ್ಲ, ಎಲ್ಲ ಸಲೀಸು. ಬಿನ್‌ಲಾಗ್, ಅಂದ್ರೆ ಬದಲಾವಣೆಗಳ ದಾಖಲೆ, ಇತ್ತು, ಅದರಿಂದ ಮೂರು ದಿನದ್ದನ್ನು ವಾಪಸ್ ಎಳೆಯುವಾಗ ಬೆಳಗಾಯ್ತು.

ಮೈಎಸ್‌ಕ್ಯೂಎಲ್‌ದ್ದೇ ಇನ್ನೊಂದು ಉಂಟು. ನಾನು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುದು, ಸರ್ವರ್ ಲಿನಕ್ಸ್. ಮೊದಲಿನವರು ಟೇಬಲ್ ಮಾಡುವಾಗ ಕಸ್ಟಮರ್ಸ್ ಅನ್ನುದರ ಸಿ ದೊಡ್ಡಕ್ಷರದಲ್ಲಿ ಬರ್ದಿದ್ರು, ನಾನು ಸಣ್ಣಕ್ಷರದಲ್ಲಿ ಇಫ್ ನಾಟ್ ಎಕ್ಸಿಸ್ಟ್ಸ್ ಹಾಕಿದೆ. ವಿಂಡೋಸಿನಲ್ಲಿ ಎರಡೂ ಒಂದೇ ಅಂತ ಸುಮ್ಮನಾಯ್ತು. ಲಿನಕ್ಸಿನಲ್ಲಿ ಟೇಬಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ, ಲೋವರ್ ಕೇಸ್ ಟೇಬಲ್ ನೇಮ್ಸ್ ಸೆಟಿಂಗ್ ಅಲ್ಲಿ ಸೊನ್ನೆ ಇರ್ತದೆ. ಅಲ್ಲಿ "ಇಲ್ಲ" ಅಂತ ನೋಡಿ ಎರಡನೇ ಟೇಬಲ್ ಖಾಲಿಯಾಗಿ ಹುಟ್ಟಿತು. ಹೊಸ ಪೇಜ್ ತೆರೆದ್ರೆ ಗ್ರಾಹಕರು ಸೊನ್ನೆ, ಹಳೆ ಪೇಜಿನಲ್ಲಿ ಎಲ್ಲರೂ ಉಂಟು. ಕಣ್ಣೆದುರೇ ಎರಡು ಟೇಬಲ್ ಇದ್ದದ್ದು ಕಾಣ್ಲಿಕ್ಕೆ ನನಗೆ ಒಂದು ಮಧ್ಯಾಹ್ನ ಹೋಯ್ತು.

ತಿಪಟೂರ್ ಕೊಬ್ರಿ
ಸರ್ ಎಲ್ರಿಗೂ ಥ್ಯಾಂಕ್ಸ್, ಅರ್ಥ ಆಯ್ತು. ಆದ್ರೆ ನಾನು ಈಗ ಏನ್ ಮಾಡ್ಲಿ? ಆಡ್ ಕಾಲಮ್ ಇಫ್ ನಾಟ್ ಎಕ್ಸಿಸ್ಟ್ಸ್ ಅಂತ ಡಿಬಿಎ ಸರ್ ಹೇಳಿದ್ರಲ್ಲ, ಅದನ್ನ ಹಾಕಿದ್ರೆ ಎಸ್‌ಕ್ಯೂಲೈಟ್ ಸಿಂಟ್ಯಾಕ್ಸ್ ಎರರ್ ಅಂತಿದೆ.

ಹಳೇ ಡಿಬಿಎ
ಎಸ್‌ಕ್ಯೂಲೈಟಲ್ಲಿ ಅದು ಇಲ್ಲಪ್ಪ. ಮೈಎಸ್‌ಕ್ಯೂಎಲ್‌ನಲ್ಲೂ ಇಲ್ಲ, ಮರಿಯಾಡಿಬಿಯಲ್ಲಿ ಇದೆ, ಅಣ್ಣತಮ್ಮಂದಿರೇ ಆದ್ರೂ ಮನೆ ಬೇರೆ.

ಮೊಬೈಲಿಂದ ಬರೀತಿದೀನಿ, ಕೋಡನ್ನ ಬಾಯಲ್ಲಿ ಹೇಳ್ದಂಗೇ ಹೇಳ್ತೀನಿ. ಎಸ್‌ಕ್ಯೂಲೈಟ್ ಫೈಲಿನ ಹೆಡರಲ್ಲಿ ಯೂಸರ್ ವರ್ಷನ್ ಅಂತ ಒಂದು ನಂಬರಿಗೆ ಜಾಗ ಇದೆ, ಎಸ್‌ಕ್ಯೂಲೈಟ್ ಅದನ್ನ ಮುಟ್ಟಲ್ಲ, ಪೂರ್ತಿ ನಿನ್ನದು. ಯಾರೂ ಏನೂ ಬರೀದೆ ಇದ್ರೆ ಸೊನ್ನೆ. ಪ್ರಾಗ್ಮಾ ಯೂಸರ್ ವರ್ಷನ್ ಅಂತ ಕೇಳಿದ್ರೆ ಹೇಳತ್ತೆ. ಪ್ರೋಗ್ರಾಮ್ ಶುರುವಲ್ಲಿ ಅದನ್ನ ಓದು. ಸೊನ್ನೆ ಇದ್ರೆ ನಿನ್ನ ಹಳೇ ಕ್ರಿಯೇಟ್ ಟೇಬಲ್ ಇಫ್ ನಾಟ್ ಎಕ್ಸಿಸ್ಟ್ಸ್ ಮೂರನ್ನೂ ಓಡಿಸಿ ನಂಬರ್ 1 ಮಾಡು. 1 ಇದ್ರೆ ಆಲ್ಟರ್ ಟೇಬಲ್ ಬಿಲ್ಸ್ ಆಡ್ ಕಾಲಮ್ ಜಿಎಸ್‌ಟಿಐಎನ್ ಓಡಿಸಿ 2 ಮಾಡು. ಮುಂದೆ ಏನು ಬಂದ್ರೂ 3, 4 ಅಂತ ಹಿಂಗೇ ಸಾಲಾಗಿ.

ಗಮನಿಸು, ನಿನ್ನ ಇಫ್ ನಾಟ್ ಎಕ್ಸಿಸ್ಟ್ಸಿಗೆ ನಿಜವಾದ ಕೆಲಸ ಇರೋದು ಆ ಸೊನ್ನೆಯಿಂದ ಒಂದಕ್ಕೆ ಹೋಗೋ ಮೆಟ್ಟಿಲಲ್ಲಿ ಮಾತ್ರ. ಯಾಕಂದ್ರೆ ಅಂಗಡಿ ಫೈಲಲ್ಲೂ ನಂಬರ್ ಸೊನ್ನೆ ಆದ್ರೆ ಟೇಬಲ್ ಇದೆ, ಹೊಸ ಫೈಲಲ್ಲೂ ಸೊನ್ನೆ ಆದ್ರೆ ಟೇಬಲ್ ಇಲ್ಲ, ಆ ಎರಡನ್ನೂ ಒಂದೇ ಜಾಗಕ್ಕೆ ತಂದು ನಿಲ್ಸೋಕೆ ಅದು ಬೇಕು. ಅಲ್ಲಿಂದ ಮುಂದೆ ಬೇಡ. ಮುಂದೆ ಏನಾದ್ರೂ ತಾಳೆ ಆಗ್ಲಿಲ್ಲ ಅಂದ್ರೆ ಎರರ್ ಬಂದು ನಿಲ್ಲಲಿ, ನಿನಗೆ ಗೊತ್ತಾಗ್ಲಿ.

ಒಂದೊಂದು ಮೆಟ್ಟಿಲನ್ನೂ ಬಿಗಿನ್ ಕಮಿಟ್ (ಶುರು, ಖಾಯಂ) ಒಳಗೆ ಇಡು. ಎಸ್‌ಕ್ಯೂಲೈಟಲ್ಲಿ ಆಲ್ಟರ್ ಟೇಬಲ್ಲೂ ರೋಲ್‌ಬ್ಯಾಕ್ ಆಗತ್ತೆ, ಅಂದ್ರೆ ಮೊದಲಿದ್ದಂಗೆ ವಾಪಸ್ ಹೋಗತ್ತೆ, ಯೂಸರ್ ವರ್ಷನ್ ಬದಲಾಯಿಸಿದ್ದೂ ರೋಲ್‌ಬ್ಯಾಕ್ ಆಗತ್ತೆ, ಕರೆಂಟ್ ಹೋದ್ರೂ ಅರ್ಧಂಬರ್ಧ ಉಳಿಯಲ್ಲ. ಎಲ್ಲಕ್ಕಿಂತ ಮೊದಲು ಫೈಲ್ ಕಾಪಿ ತೆಗೆದಿಡು.

ಧಾರವಾಡ ಫೇಡೆ
ಕಾಪಿ ತೆಗೀಬೇಕಾದ್ರ ಪ್ರೋಗ್ರಾಮ್ ಬಂದ್ ಮಾಡಿ ತಗಿ ತಮ್ಮಾ. ಮತ್ತ ಮೈಎಸ್‌ಕ್ಯೂಎಲ್ ಒಳಗ ಈ ರೋಲ್‌ಬ್ಯಾಕ್ ನಂಬಿಕೊಂಡು ಕೂಡಬ್ಯಾಡ್ರಿ ಯಾರೂ, ಅಲ್ಲಿ ಕ್ರಿಯೇಟ್ ಆಗ್ಲಿ ಆಲ್ಟರ್ ಆಗ್ಲಿ ಮಾಡಿದ್ರ ತಾನಾ ಕಮಿಟ್ ಹೊಡೀತೈತಿ. ಐದು ಆಲ್ಟರ್‌ದಾಗ ಮೂರನೇದು ಬಿತ್ತಂದ್ರ ಮೊದಲಿನ ಎರಡು ಹಂಗಾ ನಿಂತಿರ್ತಾವ.

ತಿಪಟೂರ್ ಕೊಬ್ರಿ
ಮಾಡ್ದೆ, ಎರಡು ಸಲ ಬಿದ್ದೆ.

ಒಂದು, ಕಾಲಮ್ಮಿಗೆ ಟೆಕ್ಸ್ಟ್ ನಾಟ್ ನಲ್ (ಖಾಲಿ ಬಿಡಂಗಿಲ್ಲ) ಅಂತ ಕೊಟ್ಟಿದ್ದೆ, "ಕೆನಾಟ್ ಆಡ್ ಎ ನಾಟ್ ನಲ್ ಕಾಲಮ್ ವಿತ್ ಡಿಫಾಲ್ಟ್ ವ್ಯಾಲ್ಯೂ ನಲ್" ಅಂತು. ಯೋಚ್ನೆ ಮಾಡಿದ್ರೆ ಸರಿನೇ, ಹಳೇ ಬಿಲ್ಲುಗಳಿಗೆ ಏನು ತುಂಬ್ಬೇಕು ಅಂತ ಅದಕ್ಕೇನು ಗೊತ್ತು. ನಾಟ್ ನಲ್ ತೆಗೆದೆ, ಚಿಲ್ಲರೆ ಗಿರಾಕಿಗೆ ಹೆಂಗೂ ಜಿಎಸ್‌ಟಿ ನಂಬರ್ ಇರಲ್ಲ.

ಎರಡು, ಅಂಗಡಿ ಫೈಲಿನ ಕಾಪಿ ಮೇಲೆ ಸರಿಯಾಗಿ ಓಡ್ತು, ನನ್ನ ಹೊಸ ಫೈಲ್ ಮೇಲೆ "ಡೂಪ್ಲಿಕೇಟ್ ಕಾಲಮ್ ನೇಮ್" ಅಂತ ಬಂತು. ಈಗ ಉಲ್ಟಾ ಆಯ್ತಲ್ಲ?

ನೈಟ್‌ಶಿಫ್ಟ್
ಕ್ರಿಯೇಟ್ ಸ್ಟೇಟ್‌ಮೆಂಟಿಂದ ಜಿಎಸ್‌ಟಿಐಎನ್ ತೆಗ್ದೇ ಇಲ್ಲ ಅನ್ಸತ್ತೆ. ಡಿಬಿಎ ಸರ್ "ನಿನ್ನ ಹಳೇ ಕ್ರಿಯೇಟ್" ಅಂದಿದ್ದು ಅದಕ್ಕೇ. ಮೊದಲ್ನೇ ಮೆಟ್ಟಿಲು ಹೋದ ವರ್ಷ ಹೆಂಗಿತ್ತೋ ಹಂಗೇ ಇರ್ಬೇಕು, ಆಮೇಲೆ ಅದನ್ನ ಯಾವತ್ತೂ ಮುಟ್ಬಾರ್ದು. ಹೊಸ ಫೈಲ್ ಆದ್ರೂ ಮೊದಲು ಹಳೇ ಆಕಾರದಲ್ಲಿ ಹುಟ್ಟಿ ಆಮೇಲೆ ಕಾಲಮ್ ಸೇರಿಸ್ಕೊಳ್ಳಲಿ, ಮಿಲಿಸೆಕೆಂಡ್ ಲೆಕ್ಕ.

ಫ್ಲೈವೇ, ಲಿಕ್ವಿಬೇಸ್, ಜಾಂಗೋ ಮೈಗ್ರೇಷನ್ ಅನ್ನೋ ಟೂಲ್‌ಗಳೆಲ್ಲ ಮಾಡೋದೂ ಇದನ್ನೇ, ಯಾವ ಮೆಟ್ಟಿಲು ಆಗಿದೆ ಅಂತ ಡೇಟಾಬೇಸಲ್ಲೇ ಒಂದು ಟೇಬಲ್ ಇಟ್ಕೊಂಡಿರತ್ತೆ. ಮೂರು ಟೇಬಲ್ಲಿನ ಅಂಗಡಿ ಬಿಲ್ಲಿಗೆ ಅದೆಲ್ಲ ಬೇಡ, ಯೂಸರ್ ವರ್ಷನ್ ಸಾಕು.

ಸೆಮಿಕೋಲನ್
ಡೌಟು. ನಾವು ಎಸ್‌ಕ್ಯೂಎಲ್ ಆಲ್ಕೆಮಿ ಅನ್ನೋ ಪೈಥಾನ್ ಲೈಬ್ರರಿಯಲ್ಲಿ ಕ್ರಿಯೇಟ್ ಆಲ್ ಅಂತ ಒಂದೇ ಸಾಲು ಹಾಕ್ತೀವಿ, ಅದು ಎಲ್ಲ ನೋಡ್ಕೊಳತ್ತೆ ಅಲ್ವಾ?

ನೈಟ್‌ಶಿಫ್ಟ್
ಇಲ್ಲ, ಅದೂ ಇದೇ ಜಾತಿ. ಚೆಕ್‌ಫಸ್ಟ್ ಅಂತ ಒಂದು ಪ್ಯಾರಾಮೀಟರ್ ಡಿಫಾಲ್ಟಾಗಿ ಟ್ರೂ ಇರತ್ತೆ, ಟೇಬಲ್ ಹೆಸರು ಇದೆಯಾ ನೋಡಿ ಇಲ್ದಿರೋದನ್ನ ಮಾಡತ್ತೆ ಅಷ್ಟೆ, ಇರೋ ಟೇಬಲ್ಲಿಗೆ ಕಾಲಮ್ ಸೇರ್ಸಲ್ಲ. ಲಾರಾವೆಲ್‌ನ ಹ್ಯಾಸ್‌ಟೇಬಲ್ಲೂ ಹಂಗೇ. ವರ್ಡ್‌ಪ್ರೆಸ್‌ನ ಡಿಬಿಡೆಲ್ಟಾ ಸ್ವಲ್ಪ ಜಾಣ, ನೀವು ಕೊಟ್ಟ ಕ್ರಿಯೇಟನ್ನೂ ಇರೋ ಟೇಬಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿ ಇಲ್ದಿರೋ ಕಾಲಮ್ ಸೇರಿಸತ್ತೆ, ಆದ್ರೆ ಅದರ ಮಡಿ ಜಾಸ್ತಿ, ಒಂದೊಂದು ಕಾಲಮ್ ಒಂದೊಂದು ಸಾಲಲ್ಲಿರ್ಬೇಕು, ಪ್ರೈಮರಿ ಕೀ (ಪ್ರತಿ ಸಾಲನ್ನ ಗುರುತಿಸೋ ಕಾಲಮ್) ಅಂತ ಬರ್ದ ಮೇಲೆ ಎರಡು ಸ್ಪೇಸ್ ಬಿಡ್ಬೇಕು, ಒಂದಲ್ಲ ಎರಡು. ಒಂದು ಸ್ಪೇಸಿಗೋಸ್ಕರ ನಾನು ರಾತ್ರಿ 2 ಗಂಟೆ ತನಕ ಎದ್ದಿದೀನಿ, ಈ ಹೆಸರು ಬಂದಿದ್ದೇ ಹಂಗೆ.

ಪೋಸ್ಟ್‌ಗ್ರೆಸ್ ಜನಕ್ಕೆ ಒಂದು ಮಾತು. ನಮ್ಮ ಸರ್ವಿಸ್ ಕುಬರ್ನೆಟಿಸಲ್ಲಿ ನಾಲ್ಕು ಪಾಡ್, ಅಂದ್ರೆ ಒಂದೇ ಪ್ರೋಗ್ರಾಮಿನ ನಾಲ್ಕು ಪ್ರತಿ, ಒಟ್ಟಿಗೆ ಏಳತ್ತೆ, ನಾಲ್ಕೂ ಶುರುವಲ್ಲೇ ಕ್ರಿಯೇಟ್ ಟೇಬಲ್ ಇಫ್ ನಾಟ್ ಎಕ್ಸಿಸ್ಟ್ಸ್ ಓಡಿಸ್ತಿದ್ವು. ಹೊಸ ಡೇಟಾಬೇಸ್ ಮೇಲೆ ಒಂದು ದಿನ ಒಂದು ಪಾಡ್ ಸತ್ತೋಯ್ತು, ನೋಡಿದ್ರೆ ಡೂಪ್ಲಿಕೇಟ್ ಕೀ ಎರರ್, ಅದೂ ಪಿಜಿ ಟೈಪ್ ಅನ್ನೋ ಒಳಗಿನ ಕ್ಯಾಟಲಾಗಿನ ಇಂಡೆಕ್ಸ್ ಮೇಲೆ. ನಾವು ಆ ಹೆಸರನ್ನ ಎಲ್ಲೂ ಬರ್ದೇ ಇಲ್ಲ! ವಿಷಯ ಏನಂದ್ರೆ ಪೋಸ್ಟ್‌ಗ್ರೆಸ್ ಪ್ರತಿ ಟೇಬಲ್ ಜೊತೆ ಅದೇ ಹೆಸರಿನ ಒಂದು ಟೈಪನ್ನೂ ಮಾಡತ್ತೆ. ಇದೆಯಾ ಅಂತ ನೋಡೋದು ಒಂದು ಕ್ಷಣ, ಮಾಡೋದು ಇನ್ನೊಂದು ಕ್ಷಣ. ಬಸ್‌ಸ್ಟ್ಯಾಂಡಲ್ಲಿ ಖಾಲಿ ಸೀಟ್ ನೋಡಿ ಇಬ್ರು ಎರಡು ಕಿಟಕಿಯಿಂದ ಒಟ್ಟಿಗೆ ಟವಲ್ ಎಸೀತಾರಲ್ಲ, ಅದೇ ಕಥೆ. ಇಬ್ರಿಗೂ ಖಾಲಿ ಕಂಡಿದ್ದು ನಿಜ. ಆಮೇಲೆ ಅಡ್ವೈಸರಿ ಲಾಕ್ ಹಾಕಿದ್ವಿ, ಒಬ್ಬ ಮಾಡೋ ತನಕ ಉಳಿದವ್ರು ಕಾಯ್ಲಿ ಅಂತ. ಈಗ ಅದನ್ನೂ ಬಿಟ್ಟು ಪಾಡ್ ಏಳೋಕೆ ಮುಂಚೆ ಒಂದೇ ಒಂದು ಜಾಬ್ ಓಡಿಸ್ತೀವಿ.

ಹಳೇ ಡಿಬಿಎ
ಅದೇ ಸರಿ. ನನ್ನ ಕೇಳಿದ್ರೆ ಆ್ಯಪ್ ಓಡೋ ಯೂಸರಿಗೆ ಟೇಬಲ್ ಮಾಡೋ ಹಕ್ಕೇ ಇರ್ಬಾರ್ದು. ಪೋಸ್ಟ್‌ಗ್ರೆಸ್ 15ರಿಂದ ಹೊಸ ಡೇಟಾಬೇಸಲ್ಲಿ ಪಬ್ಲಿಕ್ ಸ್ಕೀಮಾದೊಳಗೆ (ಟೇಬಲ್ಲುಗಳ ಮಾಮೂಲಿ ಜಾಗ) ಯಾರು ಬೇಕಾದ್ರೂ ಟೇಬಲ್ ಮಾಡೋದು ನಿಂತಿದೆ, ಹಕ್ಕು ಕೊಟ್ಟಿರೋರು ಮಾತ್ರ ಮಾಡ್ಬೋದು. ಅವಾಗ ಎಷ್ಟೋ ಜನ ಬಂದು ಕೇಳಿದ್ರು, ಟೇಬಲ್ ಇದೆಯಲ್ಲ ಸರ್, ಇಫ್ ನಾಟ್ ಎಕ್ಸಿಸ್ಟ್ಸ್ ಸುಮ್ನಿರ್ಬೇಕಿತ್ತಲ್ಲ, ಪರ್ಮಿಷನ್ ಡಿನೈಡ್ ಯಾಕೆ ಅಂತ. ಪೋಸ್ಟ್‌ಗ್ರೆಸ್ ಹಕ್ಕು ಮೊದಲು ನೋಡತ್ತೆ, ಹೆಸರು ಆಮೇಲೆ ನೋಡತ್ತೆ.

ಕುಡ್ಲದ ಬಂಗುಡೆ
ಕೊಬ್ರಿಯವರೇ, ಅಂಗಡಿಗೆ ಹಾಕುವ ಮೊದಲು ಒಂದು ನೋಡಿ. ಡಿಬಿ ಫೈಲಿನ ಪಾಥ್ ಪೂರ್ತಿ ಕೊಟ್ಟಿದ್ದೀರಾ ಅಥವಾ ಬರೀ ಫೈಲಿನ ಹೆಸರಾ? ಎಸ್‌ಕ್ಯೂಲೈಟಿಗೆ ಫೈಲ್ ಸಿಗದಿದ್ರೆ ಎರರ್ ಕೊಡುದಿಲ್ಲ, ಹೊಸ ಖಾಲಿ ಫೈಲ್ ಮಾಡ್ತದೆ. ಆಮೇಲೆ ನಿಮ್ಮ ಇಫ್ ನಾಟ್ ಎಕ್ಸಿಸ್ಟ್ಸ್ ಅದರೊಳಗೆ ಚಂದ ಮಾಡಿ ಟೇಬಲ್ ಕಟ್ಟಿ ಕೊಡ್ತದೆ.

ತಿಪಟೂರ್ ಕೊಬ್ರಿ
ಬರೀ ಶಾಪ್ ಡಾಟ್ ಡಿಬಿ ಅಂತ ಇದೆ ಸರ್. ಆದ್ರೆ ಒಂದೇ ಫೋಲ್ಡರಲ್ಲಿ ಇದೆ ಎಲ್ಲ, ಅದರಿಂದ ತೊಂದ್ರೆ ಆಗಲ್ಲ. ಶನಿವಾರ ಹೋಗಿ ಹಾಕಿ ಬರ್ತೀನಿ.

ತಿಪಟೂರ್ ಕೊಬ್ರಿ
ಬಂಗುಡೆ ಸರ್ ತಪ್ಪಾಯ್ತು 🙏

ಶನಿವಾರ ಹಾಕಿದೆ, ಮೊದಲ್ನೇ ಬಿಲ್ ಜಿಎಸ್‌ಟಿ ನಂಬರ್ ಸಮೇತ ಬಂತು, ಮಾವ ಟೀ ತರ್ಸಿದ್ರು, ಬಸ್ ಹತ್ತಿದೆ. ಸೋಮವಾರ ಸಂಜೆ ಮಾವನ ಫೋನು, "ಏನೋ, ಬಿಲ್ ನಂಬರ್ 1 ಅಂತ ಬರ್ತಿದೆ?" ಎದೆ ಝಲ್ ಅಂತು. ಅಂಗಡಿ ಹುಡುಗ ಪಾಪ ಪ್ರತಿ ಸಲ ಫೋಲ್ಡರ್ ಒಳಗೆ ಯಾಕೆ ಹೋಗ್ಬೇಕು ಅಂತ ಬ್ಯಾಟ್ ಫೈಲನ್ನ (ಪ್ರೋಗ್ರಾಮ್ ಶುರು ಮಾಡೋ ಫೈಲು) ಡೆಸ್ಕ್‌ಟಾಪಿಗೆ ಕಾಪಿ ಮಾಡ್ಕೊಂಡು ಅಲ್ಲಿಂದ ಕ್ಲಿಕ್ ಮಾಡಿದಾನೆ. ಬ್ಯಾಟ್ ಒಳಗೆ ಪೈಥಾನ್ ಫೈಲಿನ ಪೂರ್ತಿ ಪಾಥ್ ಇತ್ತು ಅದಕ್ಕೆ ಪ್ರೋಗ್ರಾಮ್ ಎದ್ತು, ಡಿಬಿ ಮಾತ್ರ ಡೆಸ್ಕ್‌ಟಾಪಲ್ಲಿ ಹುಡುಕ್ತು, ಸಿಗ್ಲಿಲ್ಲ, ಹೊಸದು ಮಾಡ್ಕೊಂತು. ಯೂಸರ್ ವರ್ಷನ್ ಸೊನ್ನೆ, ಟೇಬಲ್ ಇಲ್ಲ, ಕ್ರಿಯೇಟ್, 1, ಆಲ್ಟರ್, 2. ಒಂದೂ ಎರರಿಲ್ಲ! ಮಾವ ಗಮನಿಸೋಷ್ಟೊತ್ತಿಗೆ 11 ಬಿಲ್ ಹರ್ದು ಕೊಟ್ಟಾಗಿತ್ತು.

ಹಳೇ ಡಿಬಿಎ
ಫೈಲ್ ಎರಡೂ ಇದೆಯಲ್ಲ? ಹಾಗಿದ್ರೆ ಡೇಟಾ ಹೋಗಿಲ್ಲ, ಗಾಬರಿ ಬೇಡ. ಮೊದಲು ಪಾಥ್ ಪೂರ್ತಿ ಕೊಡು. ಆಮೇಲೆ ಕನೆಕ್ಟ್ ಮಾಡೋವಾಗ ಯುಆರ್‌ಐ ಟ್ರೂ ಅಂತ ಕೊಟ್ಟು, ಫೈಲ್ ಹೆಸರಿನ ಮುಂಚೆ ಫೈಲ್ ಕೋಲನ್, ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಮೋಡ್ ಈಕ್ವಲ್ಸ್ ಆರ್‌ಡಬ್ಲ್ಯೂ ಅಂತ ಹಾಕು, ಅವಾಗ ಫೈಲ್ ಇಲ್ಲಾಂದ್ರೆ ಮಾಡ್ಕೊಳ್ಳಲ್ಲ, ತೆರೆಯೋಕಾಗ್ಲಿಲ್ಲ ಅಂತ ನಿಲ್ಲತ್ತೆ. ಹೊಸ ಅಂಗಡಿಗೆ ಹೊಸ ಫೈಲ್ ಮಾಡೋ ಕೆಲಸಕ್ಕೆ ಬೇರೆ ಚಿಕ್ಕ ಸ್ಕ್ರಿಪ್ಟ್ ಇಟ್ಕೋ, ನೀನೇ ಕೈಯಾರೆ ಓಡಿಸೋದು.

11 ಬಿಲ್ಲಿಗೆ ಅಟ್ಯಾಚ್ ಡೇಟಾಬೇಸ್ ಅಂತ ಇದೆ, ಎರಡೂ ಫೈಲ್ ಒಟ್ಟಿಗೆ ತೆರೆದು ಅಲ್ಲಿಂದ ಇಲ್ಲಿಗೆ ಇನ್ಸರ್ಟ್ ಸೆಲೆಕ್ಟ್ ಮಾಡು.

ತಿಪಟೂರ್ ಕೊಬ್ರಿ
ಸರ್ ಬಿಲ್ ನಂಬರೇ ಪ್ರೈಮರಿ ಕೀ ಮಾಡಿದೀನಿ. ಹಳೇ ಫೈಲಲ್ಲಿ ಹೋದ ವರ್ಷದ 1ರಿಂದ 11 ಕೂತಿದೆ, ಡಿಕ್ಕಿ ಹೊಡೀತಿದೆ. ಹೊಸ ನಂಬರ್ ಕೊಡೋಣ ಅಂದ್ರೆ ಗಿರಾಕಿ ಕೈಲಿರೋ ಕಾಗದದಲ್ಲಿ 1, 2, 3 ಅಂತ ಪ್ರಿಂಟ್ ಆಗಿದೆ. ಆಡಿಟರ್‌ಗೆ ಫೋನ್ ಮಾಡಿದ್ರೆ, ಒಂದು ಆರ್ಥಿಕ ವರ್ಷದೊಳಗೆ ಒಂದೇ ನಂಬರ್ ಎರಡು ಸಲ ಬರಬಾರ್ದು, ಇವು ಈ ವರ್ಷ ಬಂದಿಲ್ವಲ್ಲ, ಆದ್ರೆ ಸರಣಿ ತಪ್ಪಿದೆ, ಕಾಗದದ ಮೇಲಿರೋ ನಂಬರ್ ಯಾವ ಕಾರಣಕ್ಕೂ ಕಳ್ಕೋಬೇಡ, ತಂದು ತೋರ್ಸು ಅಂದ್ರು.

ನೈಟ್‌ಶಿಫ್ಟ್
ಹಂಗಾದ್ರೆ ಪ್ರಿಂಟ್ ಆದ ನಂಬರ್ ಅಂತ ಬೇರೆ ಕಾಲಮ್ ಬೇಕು. ಹಳೇ ಬಿಲ್ಲಿಗೆಲ್ಲ ಅದೇ ನಂಬರ್ ಕಾಪಿ ಮಾಡಿ, ಆ 11ಕ್ಕೆ ಪ್ರೈಮರಿ ಕೀ ಹೊಸದು, ಪ್ರಿಂಟ್ ನಂಬರ್ ಕಾಗದದಲ್ಲಿರೋದು. ಆಲ್ಟರ್ ಟೇಬಲ್, ಒಂದು ಅಪ್‌ಡೇಟ್, ಯೂಸರ್ ವರ್ಷನ್ 3.

ತಿಪಟೂರ್ ಕೊಬ್ರಿ
ಆಯ್ತು. ನಿನ್ನೆ ಹೋಗಿ ಹಾಕಿ ಬಂದೆ, 3 ಅಂತ ತೋರಿಸ್ತಿದೆ, 11 ಬಿಲ್ಲೂ ಒಳಗೆ ಬಂತು. ಡೆಸ್ಕ್‌ಟಾಪಲ್ಲಿದ್ದ ಬ್ಯಾಟ್ ಫೈಲ್ ಬೇಕಂತಲೇ ಅಲ್ಲೇ ಬಿಟ್ಟಿದೀನಿ, ಈಗ ಎಲ್ಲಿಂದ ಕ್ಲಿಕ್ ಮಾಡಿದ್ರೂ ಒಂದೇ ಫೈಲ್ ತೆಗಿಯತ್ತೆ.

ಧಾರವಾಡ ಫೇಡೆ
ಭಾರಿ ಆತ್ ಬಿಡು ತಮ್ಮಾ. ಹಾಕೂಕಿಂತ ಮೊದ್ಲ ಬ್ಯಾಕಪ್ ತಗೊಂಡಿದ್ದಿ ಹೌದಿಲ್ಲೋ?

ತಿಪಟೂರ್ ಕೊಬ್ರಿ
ತಗೊಂಡೆ ಅಣ್ಣ, ಪೆನ್‌ಡ್ರೈವಲ್ಲಿ. ಪೆನ್‌ಡ್ರೈವ್ ಆ ಕಂಪ್ಯೂಟರಲ್ಲೇ ಬಿಟ್ಟು ಬಂದೆ.